ಇಳಕಲ್ಲಿನ ಮನೆಯಲ್ಲಿ ಬಿಯರು ಮಾಡಿದ ವರ್ಷ

ಕಳೆದ ತಿಂಗಳು ಬೆಳಗಾವಿಯಲ್ಲಿ ನನ್ನ ತಂಗಿಯ ಮಗಳು ಸುಮಾಳ ಮನೆಗೆ ಹೋಗಿದ್ದೆ. ರವಿವಾರ ಬೆಳಿಗ್ಗೆ ಸ್ನಾನ ಮುಗಿಸಿ ಹೊರಗೆ ಬಂದರೆ ಅಡುಗೆಮನೆಯಿಂದ ಒಂದು ವಾಸನೆ ಬರುತ್ತಿತ್ತು. ಹುರಿದ ಕಾಳನ್ನು ಒಡೆದು ಬಿಸಿನೀರಿಗೆ ಹಾಕಿದಾಗ ಏಳುವ ವಾಸನೆ. ಅಂಬಲಿಯದಲ್ಲ, ಗಂಜಿಯದೂ ಅಲ್ಲ, ಅವೆರಡಕ್ಕಿಂತ ಸಿಹಿ. ನಾನು ಅಡುಗೆಮನೆಯ ಬಾಗಿಲಿಗೆ ಹೋದೆ.

ಸುಮಾಳ ಗಂಡ ಹಲ್ಲಿನ ಡಾಕ್ಟರು. ದೊಡ್ಡದೊಂದು ಸ್ಟೀಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು, ಕೈಯಲ್ಲಿ ಥರ್ಮಾಮೀಟರು ಹಿಡಿದು ನಿಂತಿದ್ದ. ನನ್ನನ್ನು ಕಂಡವನೇ ಗಡಬಡಿಸಿ ಮುಚ್ಚಳ ಮುಚ್ಚಿದ. ಸುಮಾ ಓಡಿಬಂದು, ಏನಿಲ್ಲ ದೊಡ್ಡವ್ವ, ಇವರದೊಂದು ಹವ್ಯಾಸ ಎಂದು ಮಾತು ಮರೆಸಲು ನೋಡಿದಳು.

"ಬಿಯರು ಮಾಡಾಕತ್ತಿ ಅಲ್ಲಪಾ? ಉರಿ ಸಣ್ಣ ಮಾಡು. ಈಗ ಕುದಿಸಬಾರದು" ಎಂದೆ.

ಇಬ್ಬರೂ ನನ್ನ ಮುಖವನ್ನೇ ನೋಡಿದರು. ಅರವತ್ತೇಳು ವರ್ಷದ, ಹಣೆಗೆ ವಿಭೂತಿ ಬಿಟ್ಟರೆ ಬೇರೇನೂ ಹಚ್ಚದ ದೊಡ್ಡವ್ವನ ಬಾಯಿಂದ ಆ ಮಾತು ಬರಬಹುದೆಂದು ಅವರು ಎಣಿಸಿರಲಿಲ್ಲ. ನಿಮಗೆ ಹೇಗೆ ಗೊತ್ತು ಎಂದು ಆ ಹುಡುಗ ಮೆಲ್ಲಗೆ ಕೇಳಿದ. ಕುರ್ಚಿ ತಂದುಕೊಟ್ಟ. ನಾನು ಅಷ್ಟಿಷ್ಟು ಹೇಳಿದೆ. ಪೂರ್ತಿ ಹೇಳಲಾಗಲಿಲ್ಲ. ಉಳಿದದ್ದನ್ನು ಮನೆಗೆ ಬಂದ ಮೇಲೆ ಬರೆಯಲು ಕೂತಿದ್ದೇನೆ.

ನನ್ನ ಮದುವೆಯಾದದ್ದು ತುರ್ತು ಪರಿಸ್ಥಿತಿ ಮುಗಿದ ಮರುವರ್ಷ, ಯುಗಾದಿ ಕಳೆದ ಮೇಲೆ. ನನಗೆ ಹತ್ತೊಂಬತ್ತು, ಅವರಿಗೆ ಇಪ್ಪತ್ತೆಂಟು. ನನ್ನ ತವರು ಕೆರೂರ. ಅಪ್ಪನದು ಪೇಟೆಯಲ್ಲಿ ಕಾಳುಕಡಿಯ ಅಂಗಡಿ. ಅಪ್ಪ ಭಾರಿ ಸಿಟ್ಟಿನ ಮನುಷ್ಯ ಎಂದು ಊರಲ್ಲಿ ಹೇಳುತ್ತಿದ್ದರು. ನಿಜವಾಗಿ ಅವರು ಮಾತು ಕಡಿಮೆ ಇದ್ದವರು, ಅಷ್ಟೇ. ಒಂದು ವಿಷಯದಲ್ಲಿ ಮಾತ್ರ ಕಲ್ಲು. ಅವರ ತಮ್ಮ, ನನ್ನ ಕಾಕಾ, ಶೆರೆ ಕುಡಿದು ಕುಡಿದು ಎತ್ತು ಕಳೆದ, ಹೊಲ ಕಳೆದ, ಹೆಂಡತಿಯ ಕೊರಳಿನ ಬಂಗಾರ ಕಳೆದ. ಕೊನೆಗೆ ಒಂದು ಸಂತೆಯ ದಿನ ಬಸ್‌ಸ್ಟ್ಯಾಂಡಿನ ಹಿಂದೆ ಸತ್ತು ಬಿದ್ದಿದ್ದ. ಹೊತ್ತು ತಂದವರು ಅಪ್ಪ. ಆ ವಸ್ತುವನ್ನು ಮುಟ್ಟಿದವರು ನನ್ನವರಲ್ಲ ಎಂದು ಬೀರಪ್ಪನ ಗುಡಿಯಲ್ಲಿ ನಿಂತು ಅವರು ಆಣೆ ಮಾಡಿದಾಗ ನಾನು ಸಣ್ಣವಳು. ಅವ್ವನ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ನನ್ನ ಗಂಡನ ಊರು ಮಹಾಕೂಟದ ಹತ್ತಿರದ ಹಳ್ಳಿ. ಕುರಿ ಕಾಯುವ ಮನೆತನ. ಅಣ್ಣ ಸಿದ್ದಪ್ಪ, ನನ್ನ ಭಾವ, ತಂದೆ ತೀರಿದ ಮೇಲೆ ಕುರಿ ಕಾದು ತಮ್ಮನನ್ನು ಓದಿಸಿದವರು. ಇವರು ಸೊಲ್ಲಾಪುರದಲ್ಲಿ ಕಲಿತು, ಮುಂಬಯಿಯ ಬಟ್ಟೆ ಗಿರಣಿಯೊಂದರ ಬಣ್ಣದ ಖಾತೆಯಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಇಳಕಲ್ಲಿಗೆ ಬಂದು ನೂಲಿಗೆ ಬಣ್ಣ ಹಾಕುವ ಮನೆಯೊಂದರಲ್ಲಿ ಮುಖ್ಯಸ್ಥರಾಗಿದ್ದರು. ಹೆಸರು ಮಾಳಪ್ಪ. ಓಣಿಯವರಿಗೆ ಬಣ್ಣದ ಮಾಸ್ತರ. ಅವರ ಕೈ ನೋಡಿದರೆ ಆ ದಿನ ಯಾವ ಸೀರೆಯ ನೂಲು ಅದ್ದಿದ್ದಾರೆಂದು ತಿಳಿಯುತ್ತಿತ್ತು. ಒಂದು ದಿನ ಉಗುರಿನ ಬುಡದವರೆಗೆ ಕೆಂಪು, ಇನ್ನೊಂದು ದಿನ ನೀಲಿ.

ನಮ್ಮ ಬಾಡಿಗೆ ಮನೆ ನೇಕಾರರ ಓಣಿಯಲ್ಲಿತ್ತು. ಕಲ್ಲಿನ ಗೋಡೆ, ಕಲ್ಲು ಚಪ್ಪಡಿಯ ನೆಲ. ಬೆಳಗಿನಿಂದ ಸಂಜೆಯವರೆಗೆ ಎಡಬಲದ ಮನೆಗಳಿಂದ ಮಗ್ಗದ ಸಪ್ಪಳ. ಹಿಂದೊಂದು ಕತ್ತಲೆಯ ಕೋಣೆ. ಅದರಲ್ಲಿ ಏನೋ ಸಾಮಾನು ಇದೆ, ಆಮೇಲೆ ತೋರಿಸುತ್ತೇನೆ ಎಂದಿದ್ದರು. ನಾನು ಬಂದು ಎಂಟು ದಿನವಾದರೂ ತೋರಿಸಲಿಲ್ಲ. ಒಂದು ಮಧ್ಯಾಹ್ನ ಅದರ ಕಸ ಹೊಡೆಯಲು ಹೋದರೆ ಮೂಲೆಯಲ್ಲಿ ಹಸಿ ಗೋಣಿ ಸುತ್ತಿದ ದೊಡ್ಡ ಮಣ್ಣಿನ ಹರವಿ. ಒಳಗೆ ಗುಳುಗುಳು ಎನ್ನುತ್ತಿತ್ತು. ಬಟ್ಟೆ ಸರಿಸಿದೆ. ಕಾಕಾನ ಮೈಯ ವಾಸನೆ ಅದಲ್ಲ. ಆದರೆ ಅದರ ದೂರದ ನೆಂಟ ಎಂದು ನನಗೆ ತಕ್ಷಣ ತಿಳಿಯಿತು.

ಅವರು ಬಂದಾಗ ಕೇಳಿದೆ. ಸುಳ್ಳು ಹೇಳಲಿಲ್ಲ. ಬಿಯರು ಎಂದರು. ಮುಂಬಯಿಯ ಗಿರಣಿಯಲ್ಲಿ ಗೋವಾ ಕಡೆಯ ಒಬ್ಬ ಮುದುಕ ಜೊತೆಗೆ ಕೆಲಸ ಮಾಡುತ್ತಿದ್ದನಂತೆ. ಅವನು ತನ್ನ ಚಾಳಿನ ಖೋಲಿಯಲ್ಲಿ ಮಾಡುತ್ತಿದ್ದನಂತೆ. ಇವರಿಗೆ ಕುಡಿಯುವುದಕ್ಕಿಂತ, ಒಣಗಿದ ಕಾಳು ಹೀಗೆ ನೊರೆ ಎತ್ತಿ ಉಸಿರಾಡುವುದನ್ನು ನೋಡುವ ಹುಚ್ಚು ಹಿಡಿಯಿತಂತೆ. ನಾನು ಅಂದು ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಕಾಕಾನ ಕತೆ ಪೂರ್ತಿ ಹೇಳಿದೆ. ಕಾಕಾನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಂಡವರ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದುದನ್ನೂ ಹೇಳಿದೆ.

ಅವರು, "ನಿನಗ ಬ್ಯಾಡಂದ್ರ ಈಗ ಚೆಲ್ಲತೇನಿ" ಎಂದರು.

"ಚೆಲ್ರಿ" ಎಂದೆ.

ಹರವಿಯನ್ನು ತಾವೇ ಎತ್ತಿಕೊಂಡು ಹೋಗಿ ಹಿತ್ತಿಲ ಗಟಾರಕ್ಕೆ ಸುರಿದರು. ಮುಖ ಗಂಟಿಕ್ಕಲಿಲ್ಲ, ಗೊಣಗಲಿಲ್ಲ. ಹರವಿ ತೊಳೆದು ಬೋರಲು ಹಾಕಿ ಕೆಲಸಕ್ಕೆ ಹೋದರು. ಒಂದು ಬಾಟಲಿಯನ್ನು ಮಾತ್ರ ಚೆಲ್ಲಲಿಲ್ಲ. ಅದರ ತಳದಲ್ಲಿ ಬೆಳ್ಳಗಿನ ಗಷ್ಟು ಇತ್ತು. ಅದು ಹೆಪ್ಪು ಇದ್ದ ಹಾಗೆ, ಅದಕ್ಕೆ ಜೀವ ಇದೆ, ವರ್ಷಗಟ್ಟಲೆ ಸಾಕಿದ್ದೇನೆ, ನಿನಗೆ ಬೇಡವಾದರೆ ಬಣ್ಣದ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದರು. ಇರಲಿ ಬಿಡ್ರಿ ಎಂದೆ. ವಾರಕ್ಕೊಮ್ಮೆ ಅದಕ್ಕೆ ಬೆಲ್ಲದ ನೀರು ಹಾಕುತ್ತಿದ್ದರು. ಬೇರೇನೂ ಮಾಡುತ್ತಿರಲಿಲ್ಲ. ಸಂಜೆ ಬಂದು ಕಟ್ಟೆಯ ಮೇಲೆ ಕೂತರೆ ಕೈಗೆ ಏನು ಕೆಲಸ ಕೊಡಬೇಕೆಂದು ತಿಳಿಯದವರ ಹಾಗೆ ಕೂತಿರುತ್ತಿದ್ದರು. ನನ್ನ ಜೊತೆ ಚೆನ್ನಾಗಿಯೇ ಇದ್ದರು. ಅದೇ ನನಗೆ ಕಷ್ಟವಾಯಿತು. ಜಗಳವಾಡಿದ್ದರೆ ನಾನು ಗೆದ್ದೆ ಎಂದುಕೊಳ್ಳಬಹುದಿತ್ತು.

ರೋಹಿಣಿ ಮಳೆ ಬೀಳುವ ಹೊತ್ತಿಗೆ ಬಣ್ಣ ತರಲು ಸೊಲ್ಲಾಪುರಕ್ಕೆ ಹೋದರು. ಬರುವುದು ತಡವಾಯಿತು. ಬಾಟಲಿಯ ನೀರು ತಿಳಿಯಾಗಿ, ಗಷ್ಟು ತಳದಲ್ಲಿ ಸತ್ತ ಹಾಗೆ ಮಲಗಿತ್ತು. ಹಸಿದ ಕರುವನ್ನು ಕಟ್ಟಿಹಾಕಿ ಹೋದ ಹಾಗೆ ಅನ್ನಿಸಿತು ನನಗೆ. ಒಂದು ಬೆಳಿಗ್ಗೆ ಬೆಲ್ಲ ಕರಗಿಸಿ, ಆರಿಸಿ, ಸೋಸಿ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ನೊರೆ ಏಳತೊಡಗಿತು. ಅವರು ಬಂದು ಚೀಲ ಇಳಿಸುವ ಮೊದಲೇ ಆ ಬಾಟಲಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರ ನಗೆಯನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು.

ಹಾಗೆ ಶುರುವಾಯಿತು. ಒಂದು ಮಾತು ಮಾಡಿಕೊಂಡೆವು. ರವಿವಾರ ಮಾತ್ರ, ಒಂದೇ ಲೋಟ, ನನ್ನ ಮುಂದೆಯೇ. ಆ ಮಾತನ್ನು ಅವರು ಒಮ್ಮೆಯೂ ಮುರಿಯಲಿಲ್ಲ. ಲೋಟವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದರು, ಹೊಸದಾಗಿ ಅದ್ದಿದ ನೂಲಿನ ಲಡಿಯನ್ನು ನೋಡುವ ಹಾಗೆ. ಮೋಡ ಮೋಡ ಇದ್ದರೆ ಬೇಜಾರು, ತಿಳಿಯಾಗಿದ್ದರೆ ಖುಷಿ.

ಜವೆಗೋಧಿ ಬೇಕಾಗಿತ್ತು. ನಾನು ಅಪ್ಪನಿಗೆ ಹೇಳಿಕಳಿಸಿದೆ. ಉಷ್ಣಕ್ಕೆ ಕುಡಿಯಲು ಅಳಿಯ ಕೇಳಿರಬೇಕೆಂದು ಎಣಿಸಿ ಅಪ್ಪ ಒಳ್ಳೆಯ ಸಿಪ್ಪೆ ಸಹಿತದ ಕಾಳನ್ನೇ ಆರಿಸಿ, ಚೀಲ ಹೊಲಿದು, ಕೆರೂರಿನ ಬಸ್ಸಿನ ಮೇಲೆ ಹಾಕಿ ಕಳಿಸಿದರು. ಬಂದಾಗೊಮ್ಮೆ, ಮೈಯುಷ್ಣ ಹೇಗಿದೆ ಎಂದು ಅಳಿಯನನ್ನು ಕೇಳುವರು. ಇವರು ತಲೆ ತಗ್ಗಿಸಿ, ಈಗ ವಾಸಿ ಅದ ರೀ ಮಾವಾರ ಎನ್ನುವರು. ಒಳಗೆ ನಾನು ಸೆರಗು ಬಾಯಿಗಿಟ್ಟುಕೊಂಡು ನಿಂತಿರುತ್ತಿದ್ದೆ.

ಕಾಳು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು ನನ್ನ ಕೆಲಸ. ಒಣಗಿಸಿ, ಹದವಾಗಿ ಹುರಿದು, ಒಡೆದು ಕೊಟ್ಟರೆ ಮುಂದಿನದು ಅವರದು. ಬಿಸಿನೀರಿನಲ್ಲಿ ನೆನೆಸಿ ಸೋಸಿದ ಸಿಹಿ ನೀರನ್ನು ಕುದಿಸುವಾಗ ಕಹಿಗೆ ಹಾಪ್ಸ್ ಎನ್ನುವ ಒಣ ಹೂವು ಹಾಕುತ್ತಿದ್ದರು. ಮುಂಬಯಿಯಿಂದ ತಂದದ್ದು. ಅದು ಮುಗಿದಾಗ ನಾನು ತವರಿನಿಂದ ತಂದಿದ್ದ ಒಣಗಿದ ಬೇವಿನ ಹೂವು ಕೊಟ್ಟೆ. ಮೂಸಿ ನೋಡಿ, ಇದು ನಮ್ಮ ಹಾಪ್ಸ್ ಎಂದರು. ಆರಿದ ಮೇಲೆ ಹರವಿಗೆ ಸುರಿದು ಹೆಪ್ಪು ಹಾಕುವುದು, ಒಳಗಿನ ಗುಳುಗುಳು ಸಪ್ಪಳ ನಿಂತರೆ ತಯಾರು. ತುಂಬಿಸಲು ಗೋಲಿ ಸೋಡಾದ ಹಳೆಯ ಬಾಟಲಿಗಳು. ತುಂಬಿ ತಲೆಕೆಳಗು ಮಾಡಿಟ್ಟರೆ ಒಳಗಿನ ಗಾಳಿಯ ಒತ್ತಡಕ್ಕೆ ಗೋಲಿ ತಾನೇ ಬಾಯಿ ಮುಚ್ಚುತ್ತಿತ್ತು.

ದಸರೆಯ ಬಿಸಿಲಿನಲ್ಲಿ ಆ ಬಾಟಲಿಗಳು ಒಂದಾದ ಮೇಲೊಂದು ಒಡೆದವು. ಪಕ್ಕದ ಮನೆಯ ಗಂಗವ್ವ ಓಡಿಬಂದಳು. ಅವಳ ಗಂಡ ಮಗ್ಗ ನೇಯುತ್ತಿದ್ದ, ಅವಳು ಬಾಗಿಲಲ್ಲಿ ಕೂತು ನೂಲು ಸುತ್ತುತ್ತಿದ್ದಳು. ಸೋಡಾ ಮಾಡುತ್ತಿದ್ದೆವು ಎಂದು ನಾನು ತೊದಲಿದೆ. ಗಂಗವ್ವ ನೆಲದ ಮೇಲಿನ ನೊರೆಯನ್ನೂ ನನ್ನ ಮುಖವನ್ನೂ ನೋಡಿ, "ನನಗೇನು ಮೂಗಿಲ್ಲೇನವಾ ಕಸ್ತೂರಿ? ನೀ ಬರೋಕಿಂತ ಮೊದಲಿಂದ ಗೊತ್ತೈತಿ" ಎಂದಳು. ಕುಡುಕನಾಗಿದ್ದರೆ ಈ ಓಣಿಯಲ್ಲಿ ಮುಚ್ಚಿಡಲು ಆಗುತ್ತಿತ್ತೇ, ನಿನ್ನ ಗಂಡ ದೊಡ್ಡ ಕೂಸು, ಆಡಲಿ ಬಿಡು ಎಂದು ಗಾಜು ಬಳಿದುಕೊಟ್ಟು ಹೋದಳು. ಆದರೂ ನಮಗೆ ಹೆದರಿಕೆ ಇದ್ದೇ ಇತ್ತು. ಅಬಕಾರಿಯವರಿಗೆ ತಿಳಿದರೆ ಕಷ್ಟ. ಅಪ್ಪನಿಗೆ ತಿಳಿದರೆ ಅದಕ್ಕಿಂತ ಕಷ್ಟ.

ಚಳಿಗಾಲಕ್ಕೆ ಜವೆಗೋಧಿ ಮುಗಿಯುತ್ತ ಬಂದಿತ್ತು. ಜೋಳ ಯಾಕಾಗಬಾರದು ಎಂದು ಕೇಳಿದವಳು ನಾನು. ಅವರು ಬೇಡವೆಂದರು. ಜೋಳದ ಎಳೆ ಮೊಳಕೆಯಲ್ಲಿ ವಿಷ ಇರುತ್ತದೆ, ಗೇಣುದ್ದದ ಜೋಳ ಮೇಯ್ದ ಕುರಿಗಳು ಹೊಟ್ಟೆ ಉಬ್ಬಿ ಬಿದ್ದದ್ದನ್ನು ಹುಡುಗನಾಗಿದ್ದಾಗ ಕಂಡಿದ್ದೇನೆ ಎಂದರು. ನಮ್ಮ ಮನೆಯಲ್ಲಿ ಕೂಸುಗಳಿಗೆ ಮೊಳಕೆ ಜೋಳದ ಹಿಟ್ಟು ಕಾಸಿ ಕುಡಿಸುತ್ತಾರೆ, ಒಣಗಿಸಿ ಬಾಲವನ್ನೆಲ್ಲ ಉಜ್ಜಿ ತೆಗೆದು ಹುರಿಯಬೇಕು ಅಷ್ಟೇ ಎಂದು ನಾನು ಹೇಳಿದೆ. ಸ್ವಲ್ಪ ಯೋಚಿಸಿ ಒಪ್ಪಿದರು. ಒಂದು ರವಿವಾರವಿಡೀ ಇಬ್ಬರೂ ಅಂಗಳದ ಎಳೆಬಿಸಿಲಿಗೆ ಕೂತು ಒಣಗಿದ ಮೊಳಕೆಯನ್ನು ಅಂಗೈಯಲ್ಲಿ ಉಜ್ಜಿದೆವು. ನಾನು ಮೊರದಲ್ಲಿ ಕೇರಿದೆ. ಒಂದು ಬಾಲ ಉಳಿದರೂ ಅವರು ಆರಿಸಿ ತೆಗೆಯುವರು. ಮಾತು ಹೆಚ್ಚು ಆಡಲಿಲ್ಲ. ನನ್ನ ಬದುಕಿನಲ್ಲಿ ಒಂದೇ ಒಂದು ದಿನವನ್ನು ತಿರುಗಿ ಕೊಡುತ್ತೇವೆಂದರೆ ನಾನು ಕೇಳುವುದು ಆ ದಿನವನ್ನು.

ಅರ್ಧ ಜವೆ, ಅರ್ಧ ಜೋಳ, ಮೇಲೆ ಬೇವಿನ ಹೂವು. ಸಂಕ್ರಾಂತಿಯ ಸುಮಾರಿಗೆ ಅದು ತಯಾರಾಯಿತು. ಲೋಟವನ್ನು ಬೆಳಕಿಗೆ ಹಿಡಿದು, ಕುಡಿದು, ನನ್ನ ಕಡೆ ಚಾಚಿದರು. ನಾನು ಬಾಗಿಲು ಮುಚ್ಚಿ ಬಂದು ಒಂದು ಗುಟುಕು ಕುಡಿದೆ. ಮೊದಲು ಕಹಿ. ನುಂಗಿದ ಮೇಲೆ ಮೂಗಿನಲ್ಲಿ ಹಂಚಿನ ಮೇಲೆ ಅಂಚು ಸೀದ ರೊಟ್ಟಿಯ ವಾಸನೆ. ನಾನು ಮುಖ ಕಿವುಚಿದ್ದಕ್ಕೆ ನಕ್ಕರು. ಮುಂದಿನ ರವಿವಾರ ಎರಡು ಲೋಟ ತೊಳೆದಿಟ್ಟವಳು ನಾನೇ. ಗಂಗವ್ವನಿಗೂ ಒಮ್ಮೆ ಕೊಟ್ಟೆವು. ಕಣ್ಣು ಮುಚ್ಚಿ ಕಷಾಯದ ಹಾಗೆ ಕುಡಿದು, ನೆಗಡಿಗೆ ಚಲೋ ಎಂದಳು.

ಬೇಸಿಗೆಯಲ್ಲಿ ಕೆಲಸ ನಿಲ್ಲಿಸಿದೆವು. ಆ ಸೆಕೆಗೆ ಎಲ್ಲ ಹುಳಿಯಾಗುತ್ತದೆ. ಮತ್ತೆ ಹರವಿ ತುಂಬಿದ್ದು ಆಷಾಢ ಮುಗಿಯುವಾಗ. ಶ್ರಾವಣ ಹಿಡಿದ ಹಾಗೆ ಜಿಟಿಜಿಟಿ ಮಳೆ ಹಿಡಿಯಿತು. ಬಿಡಿಸಿಟ್ಟ ನೂಲು ಒಣಗುತ್ತಿರಲಿಲ್ಲ, ಓಣಿಯೆಲ್ಲ ಹಸಿ ನೂಲಿನ ವಾಸನೆ. ಆ ಮಳೆಯಲ್ಲಿ ಓಣಿಯ ಮೂರ್ನಾಲ್ಕು ಮನೆಗಳಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಗಂಗವ್ವನ ಗಂಡನೂ ಮಲಗಿದ. ಆಮೇಲೆ ಇವರು.

ಮೊದಲು ಸುಸ್ತು ಎಂದರು. ಅನ್ನದ ವಾಸನೆ ಬೇಡವಾಯಿತು. ಒಂದು ಬೆಳಿಗ್ಗೆ ಬಾಗಿಲ ಬೆಳಕಿನಲ್ಲಿ ಅವರ ಕಣ್ಣು ನೋಡಿದೆ, ಅರಿಸಿಣದ ನೀರು. ಆ ದಿನವೇ ಅವರು, ಇನ್ನು ಬಾಟಲಿ ಮುಟ್ಟುವುದಿಲ್ಲ, ನೀನೂ ಕೊಡಬೇಡ ಎಂದರು. ನಾನು ಇದ್ದ ಬಾಟಲಿಗಳ ಮೇಲೆ ಗೋಣಿ ಮುಚ್ಚಿದೆ. ಎಲ್ಲರ ಹಾಗೆ ನಾವೂ ಹಳ್ಳಿಯ ಸೊಪ್ಪಿನ ಔಷಧ ಕುಡಿಸಿದೆವು, ಪಥ್ಯ ಮಾಡಿದೆವು. ಗಂಗವ್ವನ ಗಂಡ ಎದ್ದು ಓಡಾಡತೊಡಗಿದ. ಇವರು ಏಳಲಿಲ್ಲ. ಮಲಗಿದಲ್ಲಿಂದಲೇ, ಹರವಿಗೆ ಕಿವಿಯಿಟ್ಟು ನೋಡಿ ಬಾ ಎನ್ನುವರು. ಗುಳುಗುಳು ಅನ್ನುತ್ತಿದೆ ಎಂದರೆ ಕಣ್ಣು ಮುಚ್ಚಿಕೊಳ್ಳುವರು. ಆಮೇಲಾಮೇಲೆ ಮಾತು ತಪ್ಪತೊಡಗಿತು. ಹಗಲೆಲ್ಲ ನಿದ್ದೆ, ಎದ್ದರೆ ಕೆಂಪಿನ ಲಡಿಯನ್ನು ಯಾಕೆ ನೀಲಿಗೆ ಅದ್ದಿದಿರಿ ಎಂದು ಯಾರನ್ನೋ ಗದರುವರು. ಬಣ್ಣದ ಮನೆಯ ಮಾಲಕರು ಗಾಡಿ ಮಾಡಿಕೊಟ್ಟರು. ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದೆ.

ಡಾಕ್ಟರು ಕುಡಿಯುತ್ತಾರೆಯೇ ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಏನು ಕಾಳು, ಹೇಗೆ ಮಾಡುತ್ತಿದ್ದಿರಿ, ಎಷ್ಟು, ಎಂದಿನಿಂದ ಎಲ್ಲ ಕೇಳಿದರು. ಕೇಳಿ, ಇದು ಅದರಿಂದ ಬಂದದ್ದಲ್ಲವಮ್ಮ, ಈ ಮಳೆಗಾಲದ ಕಾಮಾಲೆ ನೀರಿನಿಂದ ಬರುವುದು, ವಾರ್ಡಿನಲ್ಲಿ ಇದೇ ರೋಗದವರು ಇನ್ನೂ ಇದ್ದಾರೆ, ಕೆಲವರಿಗೆ ಮಾತ್ರ ಹೀಗೆ ಏರಿಬಿಡುತ್ತದೆ ಎಂದರು. ಸುದ್ದಿ ತಿಳಿದು ಭಾವ ಬಂದರು, ಅಪ್ಪ ಬಂದರು. ಅವರಿಗೂ ಡಾಕ್ಟರು ಕಾಮಾಲೆ ಎಂದೇ ಹೇಳಿದರು. ಕೊನೆಯ ದಿನ ಮಧ್ಯಾಹ್ನ ಸ್ವಲ್ಪ ಎಚ್ಚರ ಬಂತು. ಹತ್ತಿರ ನಾನೊಬ್ಬಳೇ ಇದ್ದೆ.

"ಸಪ್ಪಳ ನಿಂತಿತೇನು?" ಎಂದರು.

ಹರವಿಯನ್ನು ಕೇಳುತ್ತಿದ್ದಾರೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. "ಇಲ್ರಿ, ಇನ್ನೂ ಐತಿ" ಎಂದೆ.

"ಹಂಗಾರ ಇನ್ನೂ ವ್ಯಾಳ್ಯಾ ಐತಿ."

ಸಂಜೆ ದೀಪ ಹಚ್ಚುವ ಹೊತ್ತಿಗೆ ತೀರಿಕೊಂಡರು.

ಅವರ ಊರಿಗೇ ಒಯ್ದು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಅತ್ತಿ, ಅಂದರೆ ಅವರ ತಾಯಿ, ಅಳಲಿಲ್ಲ. ಮಗನ ಕೈ ಹಿಡಿದು ಕೂತುಬಿಟ್ಟಿದ್ದರು. ಮಗನ ಉಗುರುಗಳಲ್ಲಿ ಇನ್ನೂ ಕೆಂಪು ಇತ್ತು. ಅದನ್ನು ತಮ್ಮ ಹೆಬ್ಬೆರಳಿನಿಂದ ಒರೆಸುತ್ತಿದ್ದರು. ಬಿಡಿಸಲು ಇಬ್ಬರು ಬೇಕಾದರು.

ದಿನಕರ್ಮ ಮುಗಿದ ಮೇಲೆ ಮನೆ ಖಾಲಿ ಮಾಡಲು ಭಾವ, ಅಪ್ಪ, ನಾನು ಇಳಕಲ್ಲಿಗೆ ಬಂದೆವು. ಬಾಗಿಲು ತೆಗೆದರೆ ಒಳಗೆಲ್ಲ ಹುಳಿ ವಾಸನೆ. ಭಾವ ಅದರ ಬೆನ್ನು ಹಿಡಿದು ಹಿಂದಿನ ಕೋಣೆಗೆ ಹೋದರು. ಹರವಿ, ಬಾಟಲಿಗಳು, ಡಬ್ಬಿಯಲ್ಲಿ ಒಡೆದ ಜೋಳ, ಮೊರದಲ್ಲಿ ಉಜ್ಜದೆ ಉಳಿದ ಒಣ ಮೊಳಕೆ. ಏನಿದು ಎಂದು ಕೇಳಿದರು. ನಾನು ಹೇಳಿದೆ. ಅವರು ಒಂದು ಹಿಡಿ ಮೊಳಕೆ ಎತ್ತಿಕೊಂಡು ಅಂಗಳಕ್ಕೆ ಬಂದು ಅಪ್ಪನಿಗೆ ತೋರಿಸಿದರು. ಕುರಿ ಕಾಯುವ ಮನುಷ್ಯನಿಗೆ ಅದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಇದನ್ನ ತಿಂದ್ರ ಕುರಿ ಸಾಯ್ತಾವ್ರಿ. ನನ್ನ ತಮ್ಮಗ ಇದನ್ನ ಕುಡಿಸ್ಯಾಳ" ಎಂದರು.

ಆಮೇಲೆ ಒಳಗೆ ಹೋಗಿ ಹರವಿಯನ್ನು ಎತ್ತಿ ತಂದು ಕಲ್ಲಿನ ಮೇಲೆ ಒಡೆದರು. ಬಾಟಲಿಗಳನ್ನೂ ಒಡೆದರು. ಒಡೆಯುತ್ತ ಅಳುತ್ತಿದ್ದರು. ಶೆರೆ ಕುಡಿದು ಸತ್ತ, ನಾನು ಕಂಡವರ ಕುರಿ ಕಾದು ಓದಿಸಿದ್ದು ಇದಕ್ಕೇನು ಎಂದು ಸತ್ತವನನ್ನು ಬೈಯುತ್ತಿದ್ದರು. ಮಗ್ಗಗಳು ನಿಂತವು. ಓಣಿಯ ಜನ ಬಾಗಿಲಿಗೆ ಬಂದರು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದರು. ತಾವು ಕಳಿಸಿದ ಚೀಲ, ತಮ್ಮ ಕೈಯ ಹೊಲಿಗೆ, ಅಲ್ಲೇ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ನೋಡುತ್ತಿದ್ದರು.

ನಾನು ಸುಮ್ಮನಿದ್ದುಬಿಡಬಹುದಿತ್ತು. ಹೊಸ ವಿಧವೆ, ಯಾರೂ ನನ್ನಿಂದ ಮಾತು ಕೇಳುತ್ತಿರಲಿಲ್ಲ. ಗಂಡ ಕುಡುಕ, ಇವಳೇನು ಮಾಡಿಯಾಳು ಎಂದು ಅಪ್ಪ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಆದರೆ ಅವರು ಕುಡುಕರಾಗಿರಲಿಲ್ಲ. ಅದನ್ನು ಹೇಳಲು ಭೂಮಿಯ ಮೇಲೆ ನಾನೊಬ್ಬಳೇ ಇದ್ದೆ. ಇನ್ನೊಂದೂ ಇತ್ತು. ಜೋಳದ ಮಾತು ಎತ್ತಿದವಳು ನಾನು. ಡಾಕ್ಟರು ಹೇಳಿದ ಮೇಲೂ ಆ ಮುಳ್ಳು ನನ್ನೊಳಗೆ ಇತ್ತು. ಭಾವ ಅದನ್ನೇ ಹಿಡಿದು ಎಳೆದಿದ್ದರು.

ಅಂಗಳಕ್ಕೆ ಇಳಿದು ಭಾವನ ಮುಂದೆ ನಿಂತೆ. "ಡಾಕ್ಟರು ಕಾಮಾಲಿ ಅಂದಾರ್ರಿ ಭಾವಾರ. ನೀವೂ ಅಲ್ಲೇ ಇದ್ರಿ. ವಾರಕ್ಕೊಂದು ಲೋಟ ಕುಡೀತಿದ್ರು, ಖರೆ. ಅವರು ಕುಡದದ್ದ ನಾನೂ ಕುಡದೇನಿ. ಅದ ಹರವಿಯೊಳಗಿಂದು, ಅದ ಜೋಳದ್ದು. ನಾ ಇನ್ನೂ ನಿಮ್ಮ ಮುಂದ ನಿಂತೇನಿ" ಎಂದೆ.

ಗಂಗವ್ವ ಜನರ ನಡುವಿನಿಂದ ಬಂದು, ನಾನೂ ಕುಡಿದಿದ್ದೇನೆ ಎಂದು ಹೇಳಿ ನನ್ನ ಪಕ್ಕ ನಿಂತಳು. ಭಾವ ಕೈಯಲ್ಲಿದ್ದ ಬಾಟಲಿಯ ಚೂರು ಬಿಟ್ಟು ಕಟ್ಟೆಯ ಮೇಲೆ ಕುಸಿದರು. ಅಪ್ಪ ನನ್ನನ್ನು ಒಮ್ಮೆ ನೋಡಿದರು. ಕಾಕಾನನ್ನು ಹೊತ್ತು ತಂದ ದಿನದ ಮುಖ ಅದು. ರುಮಾಲು ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ, ಮಳೆಯಲ್ಲೇ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ನಾನು ಕರೆಯಲಿಲ್ಲ. ಭಾವನೂ ಸಂಜೆಯ ಬಸ್ಸಿಗೆ ಹೋದರು. ನನ್ನನ್ನು ಬಾ ಎನ್ನಲಿಲ್ಲ.

ಹೀಗೆ ನಾನು ಇಳಕಲ್ಲಿನಲ್ಲಿ ಉಳಿದೆ. ಗಂಗವ್ವ ನೂಲು ಸುತ್ತುವುದನ್ನು ಕಲಿಸಿದಳು. ಆಮೇಲೆ ಬಣ್ಣದ ಮನೆಯಲ್ಲಿ ಲಡಿಗಳ ಬಣ್ಣ ಹೊಂದಿಸಿ ಬೇರ್ಪಡಿಸುವ ಕೆಲಸ ಸಿಕ್ಕಿತು. ಅವರು ದಿನವೂ ನಿಲ್ಲುತ್ತಿದ್ದ ಜಾಗ ದಾಟಿಯೇ ಒಳಗೆ ಹೋಗಬೇಕಿತ್ತು. ಮೊದಲಿನ ತಿಂಗಳುಗಳಲ್ಲಿ ಆ ಕಡೆ ನೋಡದೆ ನಡೆಯುತ್ತಿದ್ದೆ. ಬಿಯರು ಮತ್ತೆ ಮಾಡಲಿಲ್ಲ. ಹೆಪ್ಪಿನ ಬಾಟಲಿಯೂ ಅಂದೇ ಒಡೆದಿತ್ತು.

ಅಪ್ಪ ಬರಲಿಲ್ಲ. ಅವ್ವ ಒಂದೆರಡು ಸಲ ಕದ್ದು ಬಂದು ಅತ್ತು ಹೋದಳು. ವರ್ಷ ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಅಪ್ಪನೇ ಬಂದರು. ಕಾಲಿಗೆ ನೀರು ಕೊಟ್ಟೆ. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಮಗ್ಗದ ಸಪ್ಪಳ ಕೇಳಿದರು. ಆಮೇಲೆ, ಬಾಗಲಕೋಟೆಗೆ ಹೋಗಿ ಆ ಡಾಕ್ಟರನ್ನು ಕಂಡು ಬಂದೆ ಎಂದರು. ಅವರು ನಿನಗೆ ಹೇಳಿದ್ದನ್ನೇ ನನಗೂ ಹೇಳಿದರು ಎಂದರು.

"ನಾ ಹೇಳಿದ್ದು ನಂಬಲಿಲ್ಲೇನಪಾ?" ಎಂದೆ.

"ನಂಬೇನಿ. ನೀ ಸುಳ್ಳ ಹೇಳಾಕಿ ಅಲ್ಲ. ನಿನ್ನ ಭಾವಗ ಹೇಳಾಕ ಬೇಕಾಗಿತ್ತು."

ಬಾಗಲಕೋಟೆಯಿಂದ ನೇರ ಮಹಾಕೂಟದ ಕಡೆಗೆ ಹೋಗಿದ್ದರಂತೆ. ಕುರಿಹಟ್ಟಿಯಲ್ಲಿ ಕೂತು ಭಾವನಿಗೆ ಎಲ್ಲ ಹೇಳಿದರಂತೆ. ನಿನ್ನ ತಮ್ಮ ಕುಡಿದು ಸತ್ತವನಲ್ಲ, ಸತ್ತವನ ಹೆಸರು ಕೆಡಿಸಬೇಡ ಎಂದರಂತೆ. ತಮ್ಮ ಆಣೆಯ ಸುದ್ದಿಯನ್ನು ಅಪ್ಪ ಎತ್ತಲಿಲ್ಲ. ನನ್ನನ್ನು ತವರಿಗೆ ಬಾ ಎಂದೂ ಅನ್ನಲಿಲ್ಲ. ಅದು ಅವರಿಂದ ಆಗದ ಮಾತು. ನಾನೂ ಬಯಸಲಿಲ್ಲ. ರೊಟ್ಟಿ ಬಡಿದೆ. ನನ್ನ ಮನೆಯಲ್ಲಿ ಕೂತು, ನನ್ನ ಗಂಗಾಳದಲ್ಲಿ ಉಂಡು ಹೋದರು.

ಭಾವ ಏನೆಂದುಕೊಂಡರೋ ನನಗೆ ತಿಳಿಯಲಿಲ್ಲ. ಅವರು ಮತ್ತೆ ನನ್ನ ಬಾಗಿಲಿಗೆ ಬರಲಿಲ್ಲ. ಆದರೆ ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ, ಅತ್ತಿಯ ಕಣ್ಣು ಮಂಜಾದ ಮೇಲೆ, ಅವರನ್ನು ಬಸ್ಸಿಗೆ ಹತ್ತಿಸಿ ಕಳಿಸಿದರು. ಕಸ್ತೂರಿಯ ಕಡೆ ಇರುತ್ತೇನೆ ಎಂದು ಅತ್ತಿ ಹಟ ಹಿಡಿದಿದ್ದರಂತೆ. ಮೊದಲಿಗೆ ನನಗೆ ಹೆದರಿಕೆಯಾಯಿತು. ಇಷ್ಟು ವರ್ಷವಾದ ಮೇಲೆ ಲೆಕ್ಕ ಕೇಳಲು ಬಂದರೇನೋ ಎನ್ನಿಸಿತು. ಅತ್ತಿ ಏನೂ ಕೇಳಲಿಲ್ಲ. ಹಗಲೆಲ್ಲ ಬಿಸಿಲಿಗೆ ಕೂತು ಗಂಗವ್ವನ ಜೊತೆ ಮಾತಾಡುವರು. ನಾನು ಕೆಲಸದಿಂದ ಬಂದಾಗ ನನ್ನ ಕೈ ಹಿಡಿದು, ಇವತ್ತು ಯಾವ ಬಣ್ಣ ಎಂದು ಕೇಳುವರು.

ಒಂದು ದಿನ ಮಧ್ಯಾಹ್ನ ಕಾಳು ಆರಿಸುತ್ತ ಕೂತಿದ್ದೆ. ಅತ್ತಿ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದರು. ಇದ್ದಕ್ಕಿದ್ದಂತೆ, "ಅಂವ ಅದನ್ನ ಮಾಡೂ ಮುಂದ ಖುಷಿ ಇರ್ತಿದ್ನೇನು?" ಎಂದರು.

ಭಾಳ ಖುಷಿ ಇರ್ತಿದ್ರು ಅತ್ತಿ ಎಂದೆ.

"ಸಣ್ಣಾಂವ ಇದ್ದಾಗ ಸಾಲಿಗೆ ಹಾಕಿದ್ವಿ. ಆಮ್ಯಾಲ ಊರೂರು ಹ್ವಾದ. ಅವಗ ಏನು ಸೇರತಿತ್ತು, ಏನು ಬ್ಯಾಡಾಗಿತ್ತು, ನನಗ ಒಂದೂ ಗೊತ್ತಿಲ್ಲ. ಹ್ಯಾಂಗ ಮಾಡತಿದ್ದ? ಹೇಳು."

ನಾನು ಹೇಳತೊಡಗಿದೆ. ಕಾಳು ನೆನೆಹಾಕುವುದು, ಬಟ್ಟೆಯಲ್ಲಿ ಕಟ್ಟುವುದು, ಬಿಸಿಲಿಗೆ ಹರವುವುದು. ಅತ್ತಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಾನು ತುಸು ನಿಂತರೆ, ಆಮ್ಯಾಲ ಎನ್ನುತ್ತಿದ್ದರು. ಬಣ್ಣದ ಮನೆಯ ಥರ್ಮಾಮೀಟರನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬರುತ್ತಿದ್ದುದನ್ನು ಹೇಳಿದೆ. ಒಂದು ಬಾಲ ಉಳಿದರೂ ಆರಿಸಿ ತೆಗೆಯುತ್ತಿದ್ದುದನ್ನು ಹೇಳಿದೆ. ಕುದಿಯುವಾಗ ಸೌಟು ಬಿಟ್ಟು ಕದಲುತ್ತಿರಲಿಲ್ಲ, ಯಾರು ಕರೆದರೂ ಹೋಗುತ್ತಿರಲಿಲ್ಲ ಎಂದೆ. ಹರವಿಗೆ ಕಿವಿಯಿಟ್ಟು ಸಣ್ಣ ಹುಡುಗನ ಹಾಗೆ ಕೂತುಬಿಡುತ್ತಿದ್ದರು ಎಂದಾಗ ಅತ್ತಿ ನಕ್ಕರು. ನಗುತ್ತಲೇ ಅವರ ಕಣ್ಣಿನಿಂದ ನೀರು ಇಳಿಯಿತು. ಮಗ ಸತ್ತ ದಿನ ಅಳದ ಮುದುಕಿ.

ಹೇಳುವುದೆಲ್ಲ ಮುಗಿಯಿತು. ಲೋಟವನ್ನು ಬೆಳಕಿಗೆ ಹಿಡಿಯುತ್ತಿದ್ದರು ಎಂಬಲ್ಲಿಗೆ ಬಂದು ನಿಲ್ಲಿಸಿದೆ.

"ಆಮ್ಯಾಲ?" ಎಂದರು ಅತ್ತಿ.

ಆಮೇಲೆ ಹೇಳಲು ಏನೂ ಇರಲಿಲ್ಲ. ನಾನು ಮತ್ತೆ ಕಾಳು ನೆನೆಹಾಕುವಲ್ಲಿಂದ ಶುರು ಮಾಡಿದೆ.